ಕುಳ್ಳಯ್ಯನ ಇಪ್ಪತ್ತು ಮನೆ

“ಅದನ್ನ ಮುಟ್ಟಬ್ಯಾಡ ಕಣವ್ವ, ಅದು ದೇವ್ರುದು!” ಎಂದು ಚನ್ನಬಸವಣ್ಣ ಕೂಗುವಷ್ಟರಲ್ಲಿ ಮಗಳು ರಮ್ಯ ಆಯುಧಪೂಜೆಗೆ ಇಟ್ಟಿದ್ದ ಆ ಹಳೇ ಕಂಪ್ಯೂಟರ್ ಫ್ಲಾಪಿಯನ್ನು ಕೈಗೆತ್ತಿಕೊಂಡು ಸೆರಗಿನ ತುದಿಯಿಂದ ಒರೆಸಿಯೂ ಆಗಿತ್ತು. ಮೂರು ಬೆರಳಿನ ವಿಭೂತಿ ಪಟ್ಟೆ ಅಳಿಸಿತು, ಅದರಡಿಯ ಕುಂಕುಮ ಹರಡಿಕೊಂಡಿತು, ಎರಡರ ಕೆಳಗಿನಿಂದ ಹಳದಿಗಟ್ಟಿದ ಚೀಟಿಯೊಂದು ಮುಖ ತೋರಿಸಿತು. ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ ದುಂಡಗೆ ಬರೆದಿತ್ತು: ‘ಕುಳ್ಳಯ್ಯ. ಯಾರೂ ಮುಟ್ಟಬಾರದು. ರಮ್ಯ, ಎರಡನೇ ಪಿಯುಸಿ.’

“ಅಯ್ಯೋ! ಇದು ನನ್ ಕುಳ್ಳಯ್ಯ ಕಣೋ ವಿರೂ! ಸುಟ್ಟೋಯ್ತು, ಬಿಸಾಕ್ದೆ ಅಂದಿದ್ಯಲ್ಲೋ?”

ಅಂಗಳದಲ್ಲಿ ಬೈಕಿಗೆ ಚೆಂಡುಹೂವಿನ ಹಾರ ಕಟ್ಟುತ್ತಿದ್ದ ವಿರೂಪಾಕ್ಷನ ಕೈ ಅಲ್ಲೇ ನಿಂತಿತು. ನಲವತ್ತು ವರ್ಷದ ಗಂಡಸು, ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದೆ ಸ್ವಂತ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು, ಅವನ ಕೈಗೆ ಕೊಟ್ಟರೆ ಸತ್ತ ಲ್ಯಾಪ್‌ಟಾಪೂ ಎದ್ದು ಕೂರುತ್ತದೆ ಎಂದು ಸುತ್ತಮುತ್ತ ಹೆಸರು ಮಾಡಿದವನು, ಅಕ್ಕನ ಒಂದು ಮಾತಿಗೆ ಹೈಸ್ಕೂಲು ಹುಡುಗನ ಹಾಗೆ ಬೆವೆತುಬಿಟ್ಟ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಕತ್ತು ಒರೆಸಿಕೊಂಡ.

“ಸುಟ್ಟೋಗಿದ್ದು ಬೇರೆದಿರ್ಬೇಕು ಕಣಕ್ಕ” ಎಂದ, ಹಾರದ ಕಡೆಗೇ ನೋಡುತ್ತಾ.

“ಅದ್ಯಾವ್ದೋ ಏನೋ, ನಂಗೊತ್ತಿಲ್ಲ” ಎಂದರು ಚನ್ನಬಸವಣ್ಣ, ಮಗಳ ಕೈಯಿಂದ ಅದನ್ನು ಇಸಿದುಕೊಳ್ಳಲು ನೋಡುತ್ತಾ. “ಇವ್ನು ಮೈಸೂರಿಗೆ ಓದಕ್ಕೆ ಹೋದ್ ವರ್ಷ ದೇವರ ಪಟದ ಹಿಂದೆ ಸಿಕ್ತು, ಮೇಲೆಲ್ಲಾ ಕುಂಕುಮ ಮೆತ್ಕಂಡು. ಯಾರ್ಲಾ ಮಡಗಿದ್ದು ಅಂದೆ. ನಾನೇ ಅಪ್ಪಾಜಿ, ಪೂಜೆಗೆ ಅಂದ. ಎಂಥ ಭಕ್ತಿ ನೋಡು ಉಡುಗಂಗೆ! ಇವನ ವಿದ್ಯೆ ಎಲ್ಲಾ ಇದ್ರಲ್ಲೇ ಇರದು ಅಂದ್ಕಂಡು ಅವತ್ತಿಂದ ಒಂದು ಆಯುಧಪೂಜೆನೂ ತಪ್ಸಿಲ್ಲ ಕಣವ್ವ.”

ರಮ್ಯ ಕೇಳಿಸಿಕೊಳ್ಳಲೇ ಇಲ್ಲ. ಮಿರ್ಲೆಯ ಗಂಡನ ಮನೆಯಲ್ಲಿ ಟ್ರ್ಯಾಕ್ಟರಿನ ಪೂಜೆ ಬಿಟ್ಟು ಬರಲಾಗದೆ ಅವಳು ಮದುವೆಯಾದಾಗಿನಿಂದ ಒಂದು ಆಯುಧಪೂಜೆಗೂ ತವರಿಗೆ ಬಂದವಳಲ್ಲ. ಈ ವರ್ಷ ಹಳೆಯ ಟ್ರ್ಯಾಕ್ಟರ್ ಮಾರಿ, ಹೊಸದು ಇನ್ನೂ ಬಾರದೆ, ಪೂಜೆಗೆ ಗತಿಯಿಲ್ಲದ್ದರಿಂದ ತವರೂರು ಗಾವಡಗೆರೆಯ ಬಸ್ಸು ಹತ್ತಿದ್ದಳು. ಬಂದ ದಿನವೇ ಇದು ಕಣ್ಣಿಗೆ ಬೀಳಬೇಕೆ!

“ಭಾನುವಾರ ಸಾಯಂಕಾಲದ ಬಸ್ಸಿಗೆ ಹೋಗ್ತೀನಿ” ಎಂದಳು ತಮ್ಮನಿಗೆ. “ಅಷ್ಟ್ರೊಳಗೆ ಇದನ್ನ ಓಡಿಸ್ಕೊಡ್ಬೇಕು ನೀನು. ನಾನು ಇಪ್ಪತ್ತನೇ ಮನೆ ದಾಟಿದ್ನೋ ಇಲ್ವೋ, ಒಂದೇ ಒಂದ್ಸಲ ನೋಡ್ಬೇಕು ನಂಗೆ.”

ಫ್ಲಾಪಿಯಲ್ಲಿದ್ದ ಆಟಕ್ಕೆ ಇಂಗ್ಲಿಷಿನಲ್ಲಿ ಏನೋ ಒಂದು ಹೆಸರಿತ್ತು. ಆ ಮನೆಯಲ್ಲಿ ಅದನ್ನು ಯಾರೂ ಬಳಸಿದವರಲ್ಲ. ಹೊಗೆಸೊಪ್ಪಿಗೆ ಒಳ್ಳೆ ರೇಟು ಬಂದ ವರ್ಷ ಊರೆಲ್ಲ ಬೈಕು ಕೊಂಡರೆ, ಚನ್ನಬಸವಣ್ಣ ಮೈಸೂರಿನಲ್ಲಿ ಯಾರೋ ಬಳಸಿ ಬಿಟ್ಟ ಕಂಪ್ಯೂಟರನ್ನು ಬಸ್ಸಿನ ಸೀಟಿನ ಮೇಲೆ ಕೂರಿಸಿಕೊಂಡು ಬಂದಿದ್ದರು. ಅದಕ್ಕೂ ಒಂದು ಟಿಕೆಟ್ ತೆಗೆಸಿದ್ದರೆಂಬುದು ಊರಿನಲ್ಲಿ ಇವತ್ತಿಗೂ ನಗೆಯ ಮಾತು. ಅದರ ಜೊತೆಗೆ ಪುಕ್ಕಟೆ ಬಂದ ಫ್ಲಾಪಿಯೊಳಗೆ ಈ ಆಟವಿತ್ತು. ಕಪ್ಪು ಪರದೆಯ ಮೇಲೆ ಗುಲಾಬಿ ಬಣ್ಣದ ಗಿಡ್ಡ ಮನುಷ್ಯನೊಬ್ಬ. ಮಕ್ಕಳು ಅವನಿಗೆ ಕುಳ್ಳಯ್ಯ ಎಂದು ಹೆಸರಿಟ್ಟರು. ಕುಳ್ಳಯ್ಯ ಏಣಿ ಹತ್ತಿ, ಹಲಗೆ ದಾಟಿ, ಬೆನ್ನಟ್ಟುವ ಹೆಗ್ಗಣಗಳಿಂದ ತಪ್ಪಿಸಿಕೊಂಡು, ಬೀಗದಕೈ ಹುಡುಕಿ ಒಂದು ಮನೆಯಿಂದ ಮುಂದಿನ ಮನೆಗೆ ಹೋಗಬೇಕು. ಒಟ್ಟು ಇಪ್ಪತ್ತು ಮನೆ. ಆಟ ಮುಗಿದ ಮೇಲೆ ಹೆಸರು ಬರೆದರೆ, ಯಾರು ಎಷ್ಟು ಮನೆ ದಾಟಿದರು ಎನ್ನುವ ಪಟ್ಟಿಯಲ್ಲಿ ಅದು ಸೇರುತ್ತಿತ್ತು.

ಆಟವಾಡುವವನಿಗೇ ಕಂಪ್ಯೂಟರ್ ಒಲಿಯುವುದು ಎಂದು ಅದನ್ನು ಮಾರಿದವನು ಹೇಳಿದ್ದನ್ನು ಚನ್ನಬಸವಣ್ಣ ವೇದವಾಕ್ಯದಂತೆ ನಂಬಿದ್ದರು. ಮಗಳು ಪಿಯುಸಿ, ಮಗ ಎಸ್ಸೆಸ್ಸೆಲ್ಸಿ ಮುಗಿಸಿದ ಬೇಸಿಗೆಯಲ್ಲಿ ಅವರು ಘೋಷಿಸಿದರು: ಇಪ್ಪತ್ತು ಮನೆ ಯಾರು ದಾಟುತ್ತಾರೋ ಅವರಿಗೆ ಮೈಸೂರಿನಲ್ಲಿ ಕಂಪ್ಯೂಟರ್ ಓದು. ಇಬ್ಬರನ್ನೂ ಕಳಿಸುವ ತ್ರಾಣ ಅವರಿಗಿರಲಿಲ್ಲ. ಒಂದು ಸಂಜೆ ರಮ್ಯ ಇಪ್ಪತ್ತನೆಯ ಮನೆಯ ಬಾಗಿಲು ತೆರೆದು, ಹೆಸರು ಬರೆದು, ಅಪ್ಪನನ್ನು ಕೂಗಲು ಬಾಯಿ ತೆರೆದದ್ದೇ ತಡ, ಕರೆಂಟು ಹೋಯಿತು. ಅಪ್ಪ ಬಂದಾಗ ಕಂಡದ್ದು ಕತ್ತಲು. “ಪುರಾವೆ ಎಲ್ಲವ್ವ?” ಎಂದು ಅವರು ಕೇಳಿದರು. ಕರೆಂಟು ಹೋದ ಹೊಡೆತಕ್ಕೆ ಎಲ್ಲ ಅಳಿಸಿಹೋಗಿರಬೇಕೆಂದು ರಮ್ಯ ಅತ್ತಳು.

ಏನೂ ಅಳಿಸಿರಲಿಲ್ಲ. ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲೆದ್ದು ಕಂಪ್ಯೂಟರ್ ಹಾಕಿ ನೋಡಿದ ವಿರೂಪಾಕ್ಷನಿಗೆ ಅಕ್ಕನ ಹೆಸರು ಪಟ್ಟಿಯ ತುದಿಯಲ್ಲೇ ಕಂಡಿತ್ತು. ಅವನು ಫ್ಲಾಪಿಯನ್ನು ಕಿತ್ತು, ಯಾರೂ ತಡಕದ ಜಾಗವೆಂದು ದೇವರ ಪಟದ ಹಿಂದೆ ಸೇರಿಸಿ, ಸುಟ್ಟುಹೋಯಿತು ಎಂದು ಸಾರಿದ. ಇಬ್ಬರೂ ಗೆಲ್ಲದ ಮೇಲೆ ಮಗನೇ ಹೋಗಲಿ ಎಂದಾಯಿತು. ಮಗ ಮೈಸೂರಿಗೆ ಹೋದ, ಮಗಳು ಆ ದಸರಾಕ್ಕೆ ಮುಂಚೆಯೇ ಮದುವೆಯಾಗಿ ಮಿರ್ಲೆಗೆ ಹೋದಳು. ಅಂದಿನಿಂದ ಇಪ್ಪತ್ತನಾಲ್ಕು ವರ್ಷ, ವರ್ಷಕ್ಕೊಮ್ಮೆ, ತನ್ನ ಕಳ್ಳತನಕ್ಕೆ ಅಪ್ಪ ವಿಭೂತಿ ಬಳಿದು ಮಂಗಳಾರತಿ ಎತ್ತುವುದನ್ನು ವಿರೂಪಾಕ್ಷ ಕೈಮುಗಿದು ನಿಂತು ನೋಡಿದ್ದ. ಕದ್ದು ತೆಗೆಯೋಣವೆಂದರೆ ಅಪ್ಪ ಮನೆ ಕಿತ್ತು ಹುಡುಕುತ್ತಾರೆ. ಹೇಳೋಣವೆಂದರೆ ನಾಲಿಗೆ ಏಳದು. ಬಿಸಿತುಪ್ಪ ಅಂದರೆ ಏನೆಂದು ಅವನನ್ನು ಕೇಳಬೇಕು.

ಆದರೆ ಈಗ ದಾರಿಯೊಂದು ತಾನಾಗಿಯೇ ಒದಗಿತ್ತು. ಇಪ್ಪತ್ತನಾಲ್ಕು ವರ್ಷದ ವಿಭೂತಿ ಮೆತ್ತಿಸಿಕೊಂಡ ಫ್ಲಾಪಿ ಓಡಲಿಲ್ಲ ಎಂದರೆ ಯಾರು ಅನುಮಾನಿಸುತ್ತಾರೆ?

ಶುಕ್ರವಾರ ಸಂಜೆ ಅಂಗಡಿಯಿಂದ ಬಂದವನು ಜಗುಲಿಯ ಮೇಲೆ ಅಪ್ಪನ ಪಕ್ಕ ಕೂತ. ಚನ್ನಬಸವಣ್ಣ ಕಾಲು ಚಾಚಿಕೊಂಡು ಬಿಸಿಗೂಡಿನಲ್ಲಿ ಒಣಗಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ಬೇರೆ ಬೇರೆ ರಾಶಿ ಹಾಕುತ್ತಿದ್ದರು. ಒಳಗೆ ತಾಯಿ ಶಿವನಂಜಮ್ಮನೂ ರಮ್ಯಳೂ ಏನಕ್ಕೋ ನಗುತ್ತಿದ್ದರು.

“ಅಪ್ಪಾಜಿ, ಆ ಫ್ಲಾಪಿ ಓಡದು ಕಷ್ಟ ಕಣ್ರಪ್ಪ” ಎಂದ ವಿರೂಪಾಕ್ಷ. ನಿಜ ಹೇಳಬೇಕೆಂದರೆ ಅವನು ಅದನ್ನು ಚೀಲದಿಂದ ಹೊರಗೇ ತೆಗೆದಿರಲಿಲ್ಲ. “ವಿಭೂತಿ ಎಲ್ಲಾ ಒಳಗೋಗಿ ಕೂತ್ಬುಟ್ಟದೆ.”

ಚನ್ನಬಸವಣ್ಣನವರ ಕೈಯಲ್ಲಿದ್ದ ಎಲೆ ಯಾವ ರಾಶಿಗೂ ಹೋಗಲಿಲ್ಲ.

“ಅಂಗಾದ್ರೆ ಕೆಡಿಸ್ದೋನು ನಾನೇ ಅನ್ನು.”

“ಅಂಗಲ್ಲ ಅಪ್ಪಾಜಿ…”

“ಇನ್ನೆಂಗ್ಲಾ? ಬಳ್ದೋನು ನಾನು ತಾನೆ?” ಅವರು ಒಳಗಿನ ನಗುವಿನ ಕಡೆ ಒಮ್ಮೆ ನೋಡಿದರು. “ನೀನು ಏಳ್ಬ್ಯಾಡ ಬುಡು, ನಾನೇ ಏಳ್ತೀನಿ ಅವಳ್ಗೆ. ಆ ಉಡುಗಿ ನನ್ನ ಒಂದು ಸೀರೆ ಕೇಳ್ದೋಳಲ್ಲ, ಒಂದು ಒಡವೆ ಕೇಳ್ದೋಳಲ್ಲ. ಇಷ್ಟ್ ವರ್ಷಕ್ಕೆ ಬಾಯಿ ಬುಟ್ಟು ಕೇಳಿದ್ದು ಇದೊಂದು. ಅದನ್ನೂ ನಾನೇ ಆಳ್ಮಾಡಿ ಕೂತಿವ್ನಿ.”

ವಿರೂಪಾಕ್ಷನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹದಿನಾರನೇ ವಯಸ್ಸಿನಲ್ಲಿ ಅಕ್ಕನ ಪಾಲು ಕದ್ದದ್ದಾಯಿತು. ನಲವತ್ತನೇ ವಯಸ್ಸಿನಲ್ಲಿ ಅದರ ಪಾಪವನ್ನು ಎಪ್ಪತ್ತಮೂರು ವರ್ಷದ ಅಪ್ಪನ ತಲೆಗೆ ಕಟ್ಟುವುದೆಂದರೆ ಅದು ಬೇರೆಯೇ ಜಾತಿಯ ನೀಚತನ. “ಅವಳ್ಗೇನೂ ಹೇಳ್ಬೇಡಿ ಅಪ್ಪಾಜಿ, ಇನ್ನೊಂದ್ ಕಿತ ನೋಡ್ತೀನಿ” ಎಂದು ಎದ್ದುಹೋದ.

ಶನಿವಾರ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಸೋಮವಾರ ಬನ್ನಿ ಎಂದ. ಫ್ಲಾಪಿಯ ತಗಡಿನ ಮುಚ್ಚಳವನ್ನು ಪಕ್ಕಕ್ಕೆ ಸರಿಸಿದ್ದೇ ಬಿಳಿ ಬೂದಿ ಮೇಜಿನ ಮೇಲೆ ಉದುರಿತು. ಬ್ಲೇಡಿನಿಂದ ಅದರ ಎರಡು ಹೋಳುಗಳನ್ನು ಹುಷಾರಾಗಿ ಬಿಡಿಸಿ, ಒಳಗಿನ ತೆಳುವಾದ ಕಂದು ತಟ್ಟೆಯನ್ನು ಎರಡು ಬೆರಳಲ್ಲಿ ಎತ್ತಿ, ಹತ್ತಿಗೆ ಸ್ಪಿರಿಟ್ ಹಾಕಿ ಮಗುವಿನ ಕೆನ್ನೆ ಒರೆಸುವ ಹಾಗೆ ಒರೆಸಿದ. ಫ್ಯಾನಿನ ಕೆಳಗೆ ಆರಿಸಿ, ಮೂಲೆಯಲ್ಲಿ ಬಿದ್ದಿದ್ದ ಇನ್ನೊಂದು ಫ್ಲಾಪಿಯ ಚಿಪ್ಪಿನೊಳಗೆ ಕೂರಿಸಿದ. ಹಳೇ ಸಾಮಾನಿನ ಡಬ್ಬದಿಂದ ವೈರಿನ ಫ್ಲಾಪಿ ಡ್ರೈವು ಹುಡುಕಿ ಲ್ಯಾಪ್‌ಟಾಪಿಗೆ ಚುಚ್ಚಿದ. ಅದು ರಾಗಿಕಲ್ಲಿನ ಹಾಗೆ ಗರಗರ ಎಂದು, ಓದಲಾಗದು ಎಂದಿತು. ಮತ್ತೆ ಬಿಚ್ಚಿ, ಮತ್ತೆ ಒರೆಸಿದ. ಮಧ್ಯಾಹ್ನದ ಊಟವನ್ನು ಮರೆತ. ಐದನೆಯ ಸಲಕ್ಕೆ ಗರಗರ ನಿಂತು, ಒಳಗಿದ್ದದ್ದೆಲ್ಲ ಒಂದೊಂದಾಗಿ ಲ್ಯಾಪ್‌ಟಾಪಿಗೆ ಇಳಿಯಿತು.

ಇಳಿದರೇನು, ಓಡಬೇಕಲ್ಲ. ಇಷ್ಟು ಹಳೆಯ ಆಟ ನನಗೆ ತಿಳಿಯದು ಎಂದು ಹೊಸ ಲ್ಯಾಪ್‌ಟಾಪ್ ಹಟ ಹಿಡಿಯಿತು. ಅದಕ್ಕೆ ಹಳೇ ಕಂಪ್ಯೂಟರಿನ ವೇಷ ಹಾಕಿಸುವ ಪ್ರೋಗ್ರಾಂ ಒಂದನ್ನು ತಂದು ಒಳಗೆ ಕೂರಿಸಬೇಕಾಯಿತು. ಆಗ ಪರದೆ ಕಪ್ಪಾಯಿತು, ‘ಟೀಂಯ್’ ಎಂಬ ಸದ್ದು ಬಂತು, ಗುಲಾಬಿ ಕುಳ್ಳಯ್ಯ ಮೂಲೆಯಲ್ಲಿ ಎದ್ದು ನಿಂತ. ವಿರೂಪಾಕ್ಷನಿಗೆ ಭಯವೆಲ್ಲ ಮರೆತು ಚಪ್ಪಾಳೆ ತಟ್ಟುವಷ್ಟು ಖುಷಿಯಾಯಿತು. ಬಾಣದ ಗುರುತಿನ ಗುಂಡಿಯನ್ನು ಮುಟ್ಟಿದ್ದೇ ತಡ, ಕುಳ್ಳಯ್ಯ ಬಾಲಕ್ಕೆ ಬೆಂಕಿ ಬಿದ್ದವನಂತೆ ಓಡಿ ಹೆಗ್ಗಣದ ಬಾಯಿಗೆ ಬಿದ್ದು ಸತ್ತ. ಹೊಸ ಯಂತ್ರದ ವೇಗ ಹಳೇ ಮನುಷ್ಯನಿಗೆ ಎಲ್ಲಿ ಹಿಡಿಸಬೇಕು?

ವೇಗ ಇಳಿಸುವುದೇನೋ ಸುಲಭ, ಎಷ್ಟಕ್ಕೆ ಇಳಿಸಬೇಕು ಎನ್ನುವುದೇ ಕಷ್ಟ. ಆಗ ನೆನಪಾಯಿತು. ಒಂದು ಸಲ ‘ಓಂ ನಮಃ ಶಿವಾಯ’ ಎಂದು ಮುಗಿಸುವಷ್ಟರಲ್ಲಿ ಕುಳ್ಳಯ್ಯ ಒಂದು ಏಣಿ ಹತ್ತುತ್ತಿದ್ದ. ಅಕ್ಕ ತಮ್ಮ ಇಬ್ಬರೂ ಅದನ್ನು ಹೇಳಿಕೊಂಡೇ ನೆಗೆತದ ಲೆಕ್ಕ ಇಡುತ್ತಿದ್ದರು. ಮಕ್ಕಳ ಬಾಯಲ್ಲಿ ಎಂಥ ಮಂತ್ರ ಎಂದು ಅವ್ವ ಅಡುಗೆಮನೆಯಲ್ಲೇ ಹಿಗ್ಗುತ್ತಿದ್ದರು. ವಿರೂಪಾಕ್ಷ ವೇಗವನ್ನು ಚೂರುಚೂರೇ ಇಳಿಸುತ್ತಾ, ಕಣ್ಣನ್ನು ಏಣಿಯ ಮೇಲಿಟ್ಟು ಓಂ ನಮಃ ಶಿವಾಯ, ಓಂ ನಮಃ ಶಿವಾಯ ಎನ್ನತೊಡಗಿದ. ಪ್ರಿಂಟರ್ ವಿಚಾರಿಸಲು ಬಂದವನೊಬ್ಬ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಸ್ವಲ್ಪ ಹೊತ್ತು ಕೈಮುಗಿದು ನಿಂತು, ಸದ್ದಿಲ್ಲದೆ ಹೊರಟುಹೋದ. ಕೊನೆಗೆ ಮಂತ್ರವೂ ಏಣಿಯೂ ಒಟ್ಟಿಗೆ ಮುಗಿದವು.

ಆಮೇಲೆ ಪಟ್ಟಿ ತೆರೆದ. ಮೊದಲ ಸಾಲು, ರಮ್ಯ, ಇಪ್ಪತ್ತು. ಎರಡನೆಯ ಸಾಲು, ವಿರೂ, ಹತ್ತು. ಇಷ್ಟು ವರ್ಷ ಬೂದಿಯಡಿ ಇದ್ದೂ ಒಂದಕ್ಷರ ಮುಕ್ಕಾಗಿರಲಿಲ್ಲ. ಆ ಒಂದು ಸಾಲನ್ನು ಅಳಿಸುವುದು ಅವನಿಗೆ ಉಗುರು ಕತ್ತರಿಸಿದಷ್ಟೇ ಸಲೀಸು. ಅಕ್ಕನಿಗೆ ಆಟವೂ ಸಿಗುತ್ತದೆ, ಅಪ್ಪನ ಮೇಲೆ ಅಪವಾದವೂ ಬರುವುದಿಲ್ಲ, ಇವನ ಮಾನವೂ ಉಳಿಯುತ್ತದೆ. ಬೆರಳು ಗುಂಡಿಯ ಮೇಲೆ ಹೋಗಿ ಕೂತಿತು ಕೂಡ. ‘ಇಷ್ಟ್ ವರ್ಷಕ್ಕೆ ಕೇಳಿದ್ದು ಇದೊಂದು’ ಎಂಬ ಅಪ್ಪನ ಮಾತು ಕಿವಿಯಿಂದ ಹೋಗಿದ್ದರೆ ಒತ್ತಿಯೂ ಬಿಡುತ್ತಿದ್ದನೋ ಏನೋ. ಲ್ಯಾಪ್‌ಟಾಪ್ ಮುಚ್ಚಿ, ಅಂಗಡಿಗೆ ಬೀಗ ಹಾಕಿ, ಬೈಕು ಹತ್ತಿದ.

ಭಾನುವಾರ ಊಟಕ್ಕೆ ಮುಂಚೆ ನಡುಮನೆಯ ಟೀವಿಗೆ ಲ್ಯಾಪ್‌ಟಾಪಿನ ವೈರು ಸಿಕ್ಕಿಸಿದ. ಚನ್ನಬಸವಣ್ಣ ಕನ್ನಡಕ ಒರೆಸಿ ಹಾಕಿಕೊಂಡು ಕುರ್ಚಿಯಲ್ಲಿ ಕೂತರು. ಶಿವನಂಜಮ್ಮ ಒಬ್ಬಟ್ಟಿನ ಹೂರಣ ಹತ್ತಿದ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತರು. ‘ಟೀಂಯ್’ ಎಂದು ಕುಳ್ಳಯ್ಯ ಎದ್ದಾಗ ರಮ್ಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

“ಪಟ್ಟಿ ತೆಗಿ” ಎಂದಳು.

ತೆಗೆದ. ಟೀವಿಯ ತುಂಬ, ಮೊಳದುದ್ದದ ಅಕ್ಷರಗಳಲ್ಲಿ, ಅವಳ ಹೆಸರು.

ರಮ್ಯ ನಿಧಾನಕ್ಕೆ, “ಕರೆಂಟು ಹೋದಾಗ ಅಳಿಸೋಗಿರ್ಬೇಕು ಅಂದ್ಕಂಡಿದ್ನಲ್ಲ ಇದನ್ನ?” ಎಂದಳು.

“ಅಳಿಸಿರ್ಲಿಲ್ಲ ಕಣಕ್ಕ” ಎಂದ ವಿರೂಪಾಕ್ಷ. “ಬೆಳಿಗ್ಗೆ ಎದ್ದು ನೋಡ್ದೆ. ಇತ್ತು. ನಾನೇ ಕಿತ್ತು ದೇವರ ಪಟದ ಹಿಂದೆ ಬಚ್ಚಿಟ್ಟೆ. ಸುಟ್ಟೋಯ್ತು ಅಂತ ಸುಳ್ಳೇಳ್ದೆ. ನಂಗೆ ಮೈಸೂರಿಗೆ ಹೋಗ್ಬೇಕಾಗಿತ್ತು.”

ಚನ್ನಬಸವಣ್ಣ ಕನ್ನಡಕ ತೆಗೆದರು. “ಅಂಗಾರೆ ಇಪ್ಪತ್ನಾಕು ವರ್ಷ ನಾನು ಮಂಗ್ಳಾರ್ತಿ ಎತ್ತಿದ್ದು ನಿನ್ ಕಳ್ಳಮಾಲಿಗೇನ್ಲಾ?”

ಶಿವನಂಜಮ್ಮನಿಗೆ ಅಂಥ ಹೊತ್ತಿನಲ್ಲೂ ನಗು ತಡೆಯಲಾಗದೆ ಸೆರಗು ಬಾಯಿಗೆ ಹೋಯಿತು. ಚನ್ನಬಸವಣ್ಣ ನಗಲಿಲ್ಲ. ಪರದೆಯನ್ನೇ ನೋಡುತ್ತಾ, “ಇವನ್ನ ಬಯ್ದು ಏನ್ ಬಂತು” ಎಂದರು. “ಇವ್ನು ಉಡುಗ. ಪುರಾವೆ ತಾ ಅಂದೋನು ನಾನು. ಮಗಳು ಬಾಯಲ್ಲಿ ಏಳಿದ್ದು ಸಾಲ್ದಾಗಿತ್ತಾ ನಂಗೆ?”

ರಮ್ಯ ಎದ್ದು ಹಿತ್ತಲಿಗೆ ಹೋದಳು. ವಿರೂಪಾಕ್ಷ ಹಿಂದೆಯೇ ಹೋದ. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ, ಅತ್ತಿದ್ದರೆ ಅವನಿಗೆ ಸ್ವಲ್ಪ ಸಲೀಸಾಗುತ್ತಿತ್ತು.

“ಕೋರ್ಸು ಹೋದ್ರೆ ಹೋಗ್ಲಿ ಕಣೋ” ಎಂದಳು. “ನಾನೇನೂ ಹಾಳಾಗೋಗಿಲ್ಲ. ಗದ್ದೆ ಅದೆ, ಟೈಲರಿಂಗ್ ಅಂಗಡಿ ಅದೆ, ಅರ್ಧ ಮಿರ್ಲೆಗೆ ಫೋನಲ್ಲಿ ಅರ್ಜಿ ಹಾಕ್ಕೊಡದು ನಾನೇ. ಅದಲ್ಲ. ನನ್ ಮಕ್ಳಿಗೆ ಹೇಳ್ತಿದ್ದೆ, ನಿಮ್ಮವ್ವ ಇಪ್ಪತ್ತು ಮನೆ ದಾಟಿದ್ಲು ಅಂತ. ಹೇಳ್ತಾ ಹೇಳ್ತಾ ನಂಗೇ ಅನುಮಾನ ಬರದು. ನಿಜವಾಗ್ಲೂ ದಾಟಿದ್ನಾ, ಇಲ್ಲ ಕನಸು ಕಂಡಿದ್ನಾ ಅಂತ. ಕಣ್ಣಾರೆ ಕಂಡಿದ್ದನ್ನ ನಾನೇ ನಂಬದಂಗೆ ಮಾಡ್ಬುಟ್ಟೆಯಲ್ಲೋ.”

“ತಪ್ಪಾಯ್ತು ಕಣಕ್ಕ.” ವಿರೂಪಾಕ್ಷನ ಕಣ್ಣಲ್ಲಿ ನೀರು ಬಂದು ನಿಂತಿತ್ತು.

ರಮ್ಯ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಬಲಗೈಯ ಕಿರುಬೆರಳನ್ನು ಅವನ ಮೂಗಿನ ಮುಂದೆ ಎತ್ತಿ ಹಿಡಿದಳು.

“ಠೂ.”

“ಅಕ್ಕಾ…” ನಲವತ್ತೆರಡು ವರ್ಷದ ಹೆಂಗಸು ಹೀಗೆ ಮಾತು ಬಿಡುವುದೇ?

“ಠೂ ಅಂದ್ರೆ ಠೂ. ಇಪ್ಪತ್ತು ಮನೆ ನೀನು ದಾಟು. ಆಮೇಲೆ ನಿನ್ ಜೊತೆ ಮಾತು.”

ಒಳಗೆ ಬಂದು ಟೀವಿಯ ಮುಂದೆ ಕೂತವಳು ಅಪ್ಪನಿಗೆ, “ಅಪ್ಪಾಜಿ, ಅವನಿಗೆ ಕೂತ್ಕಂಡು ಆಡಕ್ಕೆ ಹೇಳಿ” ಎಂದಳು. ವಿರೂಪಾಕ್ಷ ಅವಳಿಂದ ಒಂದು ಮೊಳ ದೂರದಲ್ಲಿದ್ದ. “ಕೂತ್ಕಂಡು ಆಡ್ಬೇಕಂತೆ ಕಣ್ಲಾ” ಎಂದು ಚನ್ನಬಸವಣ್ಣ ದಾಟಿಸಿದರು.

ಹೀಗೆ ಶುರುವಾಯಿತು. ಮೊದಲನೆಯ ಮನೆಯಲ್ಲೇ ಕುಳ್ಳಯ್ಯ ಮೂರು ಸಲ ಸತ್ತ. ಅಂ‍ಗಡಿಯಲ್ಲಿ ಓಡಿಸಿ ನೋಡುವುದು ಬೇರೆ, ಕಣ್ಣೆದುರು ಅಕ್ಕ ಕೂತಿರುವಾಗ ಆಡುವುದು ಬೇರೆ. “ಏಣಿ ಹತ್ತಬೇಡ ಅನ್ನಿ ಅಪ್ಪಾಜಿ, ಮೇಲೆ ಹೆಗ್ಗಣ ಅದೆ” ಎಂದು ರಮ್ಯ ಹೇಳಿ, ಅದನ್ನು ಚನ್ನಬಸವಣ್ಣ ಅರ್ಥ ಮಾಡಿಕೊಂಡು, “ಏಣಿ ಅತ್ತಬ್ಯಾಡ್ವಂತೆ ಕಣ್ಲಾ, ಎಗ್ಣ ಅದಂತೆ” ಎನ್ನುವಷ್ಟರಲ್ಲಿ ಹೆಗ್ಗಣ ತನ್ನ ಕೆಲಸ ಮುಗಿಸಿ ಹೋಗಿರುತ್ತಿತ್ತು. “ಬ್ಯಾಗ ಹೇಳ್ಬಾರ್ದಾ ಅಪ್ಪಾಜಿ!” ಎಂದು ಅವಳು ರೇಗುತ್ತಿದ್ದಳು. “ನಾನೇನ್ ಟೆಲಿಫೋನಾ?” ಎಂದು ಅವರು ತಿರುಗಿಸಿ ರೇಗುತ್ತಿದ್ದರು. ಒಬ್ಬಟ್ಟು ಕೂತಲ್ಲಿಗೇ ಬಂತು. ವಿರೂಪಾಕ್ಷನ ತಟ್ಟೆಗೂ ಒಂದು ಬಿತ್ತು, ಶಿವನಂಜಮ್ಮನ ಕೈಯಿಂದ.

ಸಂಜೆಯ ಬಸ್ಸು ಹಾರ್ನ್ ಹೊಡೆದುಕೊಂಡು ಮನೆಯ ಮುಂದೆಯೇ ಹೋಯಿತು. ರಮ್ಯ ಅದರ ಕಡೆ ನೋಡಲೂ ಇಲ್ಲ. ಗಂಡನ ಫೋನು ಬಂದಾಗ, “ನಾಳೆ ಬತ್ತೀನಿ ಕಣ್ರೀ. ಇಲ್ಲೊಬ್ಬ ಇನ್ನೂ ಎಂಟನೇ ಮನೇಲವ್ನೆ” ಎಂದು ಇಟ್ಟಳು.

ದೀಪ ಹಚ್ಚುವ ಹೊತ್ತಿಗೆ ಹನ್ನೊಂದನೆಯ ಮನೆಯ ಬಾಗಿಲು ತೆರೆಯಿತು. ಹನ್ನೆರಡನೆಯದು ವಿರೂಪಾಕ್ಷ ಹುಟ್ಟಿದಾಗಿನಿಂದ ಕಾಣದ ಮನೆ. ಅಲ್ಲಿ ಏಣಿಗಳೇ ಇರಲಿಲ್ಲ. ಬರೀ ಕಿರಿದಾದ ಹಲಗೆಗಳು, ಎರಡೂ ಕಡೆಯಿಂದ ಹೆಗ್ಗಣ. ಬಾಯಲ್ಲಿ ಮಂತ್ರ ನಿಂತುಹೋಯಿತು. ಕುಳ್ಳಯ್ಯ ಹಲಗೆಯ ನಡುವೆ ಕಕ್ಕಾಬಿಕ್ಕಿಯಾಗಿ ನಿಂತ. ಬಲಗಡೆ ಬೀಗದಕೈ ಹೊಳೆಯುತ್ತಿತ್ತು. ವಿರೂಪಾಕ್ಷನ ಬೆರಳು ಅತ್ತಲೇ ಹೊರಟಿತು.

“ಎಡಕ್ಕೆ ಕಣೋ ವಿರೂ! ಎಡಕ್ಕೆ ಬಾ, ಬಲಗಡೆ ಗುಂಡಿ ಅದೆ!”

ದಾಟಿಸಲೆಂದು ಬಾಯಿ ತೆರೆದ ಚನ್ನಬಸವಣ್ಣ ಹಾಗೇ ಮುಚ್ಚಿಕೊಂಡು, ಆರಿಹೋದ ಕಾಫಿ ಲೋಟ ಎತ್ತಿಕೊಂಡರು. ವಿರೂಪಾಕ್ಷ ಅಕ್ಕನ ಕಡೆ ತಿರುಗಿ ನೋಡಲಿಲ್ಲ. ಕುಳ್ಳಯ್ಯನನ್ನು ಎಡಕ್ಕೆ ನಡೆಸಿದ.